ನಾಯಿ ಮೈ ಕೆರೆದುಕೊಳ್ಳುತ್ತಿದೆ, ಊಟ ಬಿಟ್ಟಿದೆ: ಡಾಕ್ಟ್ರ ಹತ್ತಿರ ಹೋಗೋ ಮುಂಚೆ ಮನೆಯಲ್ಲೇ ಏನೇನು ನೋಡಬೇಕು?

ನಮ್ಮನೆ ನಾಯಿ ಹೆಸರು ರಾಗಿ. ಬಣ್ಣ ಮುದ್ದೆಯದ್ದೇ, ಅದಕ್ಕೇ ಆ ಹೆಸರು. ಕತ್ರಿಗುಪ್ಪೆಯಲ್ಲಿ ನಮ್ಮ ಬೀದಿ ಕೊನೆಗೆ ಯಾರೋ ಮನೆ ಕಟ್ಟಿಸುತ್ತಿದ್ದಾಗ ಮರಳಿನ ರಾಶಿ ಮೇಲೆ ಸಿಕ್ಕ ಮರಿ, ಅಪ್ಪಟ ನಾಟಿ. ಊಟದ ವಿಷಯದಲ್ಲಿ ಯಾವತ್ತೂ ತಕರಾರು ಮಾಡಿದವಳಲ್ಲ. ಒಂದು ಏಪ್ರಿಲ್‌ನಲ್ಲಿ ಬಟ್ಟಲಲ್ಲಿ ಅರ್ಧ ಅನ್ನ ಬಿಡೋಕೆ ಶುರು ಮಾಡಿದಳು. ಸೆಕೆ ಅಂದುಕೊಂಡೆವು. ಹೊಟ್ಟೆ ಮೇಲೆ ಕೆಂಪು ಚುಕ್ಕೆ ಕಾಣಿಸಿತು, ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ಕೂದಲು ಉದುರಿತು, ಶಾಂಪೂ ಬದಲಾಯಿಸಿದೆವು. ಹೀಗೆ ಮೂರಕ್ಕೆ ಮೂರು ಕಾರಣ ಹೇಳಿಕೊಂಡು ಮೂರು ವಾರ ಕಳೆದೆವು.

ಆಮೇಲೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ತುರಿಕೆಗೆ ಅಂತ ಇಂಜೆಕ್ಷನ್ ಹಾಕಿಸಿದೆವು. ಮಾರನೇ ದಿನದಿಂದ ಬಕಾಸುರನ ಹಾಗೆ ತಿಂದಳು. ನಮಗೋ ಸಂಭ್ರಮ. ಹತ್ತು ದಿನಕ್ಕೆ ಮತ್ತೆ ಅದೇ ಕಥೆ, ಈ ಸಲ ಮೂಗಲ್ಲಿ ರಕ್ತ ಬೇರೆ. ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದರೆ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಬರೀ 48 ಸಾವಿರ. ನಾಯಿಗೆ ಸಾಮಾನ್ಯವಾಗಿ 2 ಲಕ್ಷದ ಮೇಲಿರಬೇಕು. ಉಣ್ಣೆ ಜ್ವರ, ನಾವೆಲ್ಲ ಟಿಕ್ ಫೀವರ್ ಅಂತೀವಲ್ಲ, ಅದು. ಊಟ ಬಿಟ್ಟಿದ್ದೂ ಹೊಟ್ಟೆ ಮೇಲಿನ ಚುಕ್ಕೆಯೂ ಒಂದೇ ಕಾಯಿಲೆಯದ್ದು. ಮೊದಲ ಇಂಜೆಕ್ಷನ್‌ನಲ್ಲಿ ಇದ್ದದ್ದು ಸ್ಟಿರಾಯ್ಡ್, ಅದು ತುರಿಕೆ ನಿಲ್ಲಿಸುತ್ತದೆ, ಹಸಿವು ಜಾಸ್ತಿ ಮಾಡುತ್ತದೆ, ಒಳಗಿನ ಕಾಯಿಲೆ ಹಾಗೇ ಇರುತ್ತದೆ.

ಅವತ್ತಿನಿಂದ ನಾನು ನಾಯಿ ನೋಡೋ ಕ್ರಮವೇ ಬದಲಾಯಿತು. ಚರ್ಮವನ್ನೂ ಊಟವನ್ನೂ ಬೇರೆ ಬೇರೆ ಇಟ್ಟು ನೋಡಲ್ಲ. ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ.

ಹೆಜ್ಜೆ 1: ಬಟ್ಟಲ ಹತ್ತಿರ ಐದು ನಿಮಿಷ ಕೂತುಕೊಳ್ಳಿ

"ತಿಂತಿಲ್ಲ" ಅನ್ನೋದು ಒಂದೇ ಮಾತು, ಆದರೆ ಅದರೊಳಗೆ ಮೂರ್ನಾಲ್ಕು ಥರ ಇದೆ. ಬಟ್ಟಲಿಟ್ಟರೆ ಮುಖ ತಿರುಗಿಸಿ ಹೋಗುತ್ತದಾ? ಜ್ವರ, ಹೊಟ್ಟೆ ತೊಳೆಸುವುದು, ಲಿವರ್, ಕಿಡ್ನಿ, ಯಾವುದೂ ಇರಬಹುದು. ಓಡಿ ಬಂದು, ಮೂಸಿ, ಬಾಯಿಗೆ ಹಾಕಿಕೊಂಡು ಬೀಳಿಸುತ್ತದಾ? ಹಸಿವಿದೆ, ಬಾಯಲ್ಲಿ ತೊಂದರೆ. ಹಲ್ಲು, ಒಸಡು, ಇಲ್ಲಾ ಅಡ್ಡ ಸಿಕ್ಕಿಕೊಂಡ ಮೂಳೆ ಚೂರು. ಅನ್ನ ಬಿಟ್ಟು ಬರೀ ಕೋಳಿ ತುಂಡು ಆರಿಸಿ ತಿನ್ನುತ್ತದಾ? ಅದು ಹೆಚ್ಚಾಗಿ ಕಾಯಿಲೆಯಲ್ಲ, ನಾವು ಕಲಿಸಿದ ಬುದ್ಧಿ.

ಇನ್ನೊಂದು ಅಪ್ಪಟ ಬೆಂಗಳೂರಿನ ಥರ. ಎದುರಿನ ಅಪಾರ್ಟ್‌ಮೆಂಟ್ ವಾಚ್‌ಮನ್ ಬನ್ನು ಹಾಕಿರುತ್ತಾರೆ, ಮೂಲೆ ಅಂಗಡಿಯವರು ಬಿಸ್ಕತ್ತು ಹಾಕಿರುತ್ತಾರೆ, ಮೇಲಿನ ಮನೆ ಆಂಟಿ ಪಲಾವ್ ಕೊಟ್ಟಿರುತ್ತಾರೆ. ಮನೆಗೆ ಬಂದಾಗ ಹೊಟ್ಟೆ ತುಂಬಿರುತ್ತದೆ. ಒಂದು ಸುತ್ತು ಕೇಳಿಕೊಂಡು ಬನ್ನಿ, ನಾಚಿಕೆ ಬೇಡ. ಕೇಳುವಾಗಲೇ ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ಹೋಯಿತಾ ಅಂತಲೂ ಕೇಳಿ. ಮೂರೂ ನಾಯಿಗೆ ವಿಷ. ಹಬ್ಬದ ಪಾಯಸ, ಕೇಸರಿಬಾತಿನಲ್ಲಿ ದ್ರಾಕ್ಷಿ ಇದ್ದೇ ಇರುತ್ತದೆ, ಅಲ್ವಾ?

ಹೆಚ್ಚು ತಿನ್ನುವುದೂ ಲಕ್ಷಣವೇ. ತಿನ್ನುವುದು ಜಾಸ್ತಿಯಾಗಿ ಮೈ ಇಳಿಯುತ್ತಿದ್ದರೆ ಹೊಟ್ಟೆಹುಳ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಅಷ್ಟೇ ತಿಂದರೂ ಊದಿಕೊಳ್ಳುತ್ತಿದ್ದರೆ ಥೈರಾಯ್ಡ್ ನೋಡಿಸಬೇಕು. ಮುಧೋಳ ನಾಯಿ ಸಾಕಿದವರು ಮಾತ್ರ ಪಕ್ಕೆಲುಬು ಕಂಡಿತು ಅಂತ ಗಾಬರಿಯಾಗಬೇಡಿ, ಅದರ ಮೈಕಟ್ಟೇ ಹಾಗೆ.

ಹೆಜ್ಜೆ 2: ಮೈಯೆಲ್ಲ ಬೆರಳಾಡಿಸಿ

ಹಗಲು ಬೆಳಕಲ್ಲಿ, ಬಾಲ್ಕನಿಯಲ್ಲಿ. ಕಿವಿ ಒಳಗೆ, ಕಾಲ್ಬೆರಳ ಸಂದಿ, ಬೆಲ್ಟಿನ ಅಡಿ, ಕಂಕುಳು, ತೊಡೆ ಸಂದಿ, ಬಾಲದ ಕೆಳಗೆ. ಉಣ್ಣೆ ಅಡಗುವುದು ಇಲ್ಲೇ. ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ, ಸ್ಪಿರಿಟ್ ಇರೋ ಡಬ್ಬಿಗೆ ಹಾಕಿ. ಸೀಮೆಎಣ್ಣೆ ಬಿಡುವುದು, ಬೆಂಕಿಕಡ್ಡಿ ತೋರಿಸುವುದು, ಉಗುರಲ್ಲಿ ಕುಕ್ಕಿ ಒಡೆಯುವುದು ಬೇಡ.

ಕೂದಲು ಎಲ್ಲಿ ಹೋಗಿದೆ ಅನ್ನೋದೇ ಅರ್ಧ ಉತ್ತರ. ಬಾಲದ ಬುಡ ಮತ್ತು ಹಿಂದೊಡೆ ಅಂದರೆ ಮೊದಲು ಚಿಗಟದ ಮೇಲೆ ಅನುಮಾನ. ಅಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಹತ್ತಿ ಮೇಲೆ ಹಾಕಿ. ಸುತ್ತ ಕೆಂಚು ಬಣ್ಣ ಹರಡಿದರೆ ಅದು ಬರೀ ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಅದು ಕುಡಿದ ರಕ್ತ.

ಕಿವಿ ಅಂಚು, ಮೊಣಕೈಯಲ್ಲಿ ಹೊಪ್ಪಳೆ ಎದ್ದು, ನಿದ್ದೆ ಬಿಟ್ಟು ಕೆರೆಯುತ್ತಿದ್ದರೆ ಕಜ್ಜಿ. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಹಿಂಗಾಲು ತಾನಾಗಿ ಕೆರೆಯೋಕೆ ಎದ್ದರೆ ಅನುಮಾನ ಗಟ್ಟಿ. ಮನೆಯವರಿಗೂ ತೋಳು, ಸೊಂಟದ ಹತ್ತಿರ ತುರಿಕೆ ಶುರುವಾಗಿದ್ದರೆ ಇನ್ನೂ ಗಟ್ಟಿ, ಈ ಕಜ್ಜಿ ಮನುಷ್ಯರಿಗೂ ಅಂಟುತ್ತದೆ. ವರ್ಷ ತುಂಬದ ಮರಿಗೆ ಕಣ್ಣ ಸುತ್ತ, ತುಟಿ ಹತ್ತಿರ, ಮುಂಗಾಲಲ್ಲಿ ಕೂದಲು ಹೋಗಿ ಅಷ್ಟೇನೂ ತುರಿಕೆ ಇಲ್ಲದಿದ್ದರೆ ಅದು ಡೆಮೋಡೆಕ್ಸ್ ಅನ್ನೋ ಬೇರೆ ಹುಳ. ಅದು ನಮಗೆ ಅಂಟಲ್ಲ. ದುಂಡಗೆ ಬಿಲ್ಲೆ ಬಿಲ್ಲೆಯಾಗಿ ಕೂದಲು ಹೋಗಿದ್ದರೆ ಹುಳುಕಡ್ಡಿ. ಹೆಸರಲ್ಲಿ ಹುಳ ಇದೆ ಅಷ್ಟೇ, ಅದು ಶಿಲೀಂಧ್ರ, ಮಕ್ಕಳಿಗೆ ಬೇಗ ಅಂಟುತ್ತದೆ.

ಸದಾ ಪಾದ ನೆಕ್ಕುವುದು, ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗುವುದು, ಕಿವಿಯಿಂದ ಹುಳಿ ವಾಸನೆ. ಇದು ಅಲರ್ಜಿ, ಜೊತೆಗೆ ಯೀಸ್ಟ್ ಅನ್ನೋ ಶಿಲೀಂಧ್ರದ ಸೋಂಕು. ಮಳೆಗಾಲದಲ್ಲಿ ಜಾಸ್ತಿ. ಊಟದ ಅಲರ್ಜಿ ಅಂತ ಅನುಮಾನ ಬಂದರೆ ವಾರಕ್ಕೊಂದು ಡಾಗ್ ಫುಡ್ ಬದಲಾಯಿಸುತ್ತಾ ಹೋದರೆ ಏನೂ ಗೊತ್ತಾಗಲ್ಲ. ಡಾಕ್ಟ್ರು ಹೇಳಿದ ಒಂದೇ ಆಹಾರವನ್ನು ಕನಿಷ್ಠ 8 ವಾರ ಕೊಟ್ಟು ನೋಡಬೇಕು, ಆ 8 ವಾರ ಒಂದು ಬಿಸ್ಕತ್ತೂ ಬೀಳಬಾರದು. ಹೇಳೋದು ಸುಲಭ. ವಾಚ್‌ಮನ್‌ಗೆ ಹೇಳೋದು ಕಷ್ಟ.

ಎರಡೂ ಪಕ್ಕೆಯಲ್ಲಿ ಕನ್ನಡಿ ಹಿಡಿದಂತೆ ಸಮನಾಗಿ ಕೂದಲು ಹೋಗಿ, ತುರಿಕೆಯೇ ಇಲ್ಲದಿದ್ದರೆ ಹಾರ್ಮೋನು ಏರುಪೇರು. ಥೈರಾಯ್ಡ್ ಆದರೆ ಮಂಕು, ದಪ್ಪ. ಜೋಲು ಹೊಟ್ಟೆ, ತೆಳುವಾದ ಚರ್ಮ, ವಿಪರೀತ ಹಸಿವು, ವಿಪರೀತ ಬಾಯಾರಿಕೆ ಇದ್ದರೆ ಕುಶಿಂಗ್ಸ್, ಅಂದರೆ ಮೈಯೊಳಗೇ ಸ್ಟಿರಾಯ್ಡ್ ಥರದ ಹಾರ್ಮೋನು ಜಾಸ್ತಿಯಾಗೋ ಕಾಯಿಲೆ. ಪದೇ ಪದೇ ಸ್ಟಿರಾಯ್ಡ್ ಹಾಕಿಸಿದರೂ ಇದೇ ರೂಪ ಬರುತ್ತದೆ.

ಹೆಜ್ಜೆ 3: ಕೆಂಪು ಚುಕ್ಕೆಗೆ ಗಾಜಿನ ಲೋಟ

ಇದು ಮೊದಲೇ ಗೊತ್ತಿದ್ದಿದ್ದರೆ ನಮಗೆ ಮೂರು ವಾರ ಉಳಿಯುತ್ತಿತ್ತು. ನಾಯಿಯನ್ನು ಅಂಗಾತ ಮಲಗಿಸಿ, ಹೊಟ್ಟೆ ಮೇಲಿನ ಚುಕ್ಕೆಗೆ ತೆಳು ಗಾಜಿನ ಲೋಟದ ಬದಿ ಮೆಲ್ಲಗೆ ಒತ್ತಿ, ಗಾಜಿನ ಮೂಲಕ ನೋಡಿ. ಸೊಳ್ಳೆ ಕಚ್ಚಿದ್ದೋ ಬರೀ ಉರಿಯೋ ಆಗಿದ್ದರೆ ಒತ್ತಿದಾಗ ಕೆಂಪು ಮಾಯವಾಗುತ್ತದೆ. ಒತ್ತಿದರೂ ಹಾಗೇ ಉಳಿದರೆ ಅದು ಚರ್ಮದ ಅಡಿಯಲ್ಲಿ ಒಸರಿದ ರಕ್ತ. ರಾಗಿಯ ಹೊಟ್ಟೆ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಇಪ್ಪತ್ತೋ ಇಪ್ಪತ್ತೈದೋ ಇದ್ದವು. ಒಂದೂ ಮಾಸಲಿಲ್ಲ. ಹೀಗೆ ಕಂಡರೆ ಅವತ್ತೇ ರಕ್ತ ಪರೀಕ್ಷೆ.

ಹೆಜ್ಜೆ 4: ಅಳೆಯಿರಿ

ಒಸಡು ಒತ್ತಿ ಬಿಡಿ. ಬಿಳಿಯಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಎಷ್ಟೋ ನಾಟಿ ನಾಯಿಗಳ ಒಸಡು ಕಪ್ಪಗಿರುತ್ತದೆ, ಏನೂ ಕಾಣಲ್ಲ. ಆಗ ಕೆಳಗಿನ ಕಣ್ಣುರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಬಿಳಿಚಿದ್ದರೆ ರಕ್ತ ಕಮ್ಮಿ. ಹಳದಿ ಇದ್ದರೆ ಕಾಮಾಲೆ. ಮಳೆಗಾಲದಲ್ಲಿ, ಅದರಲ್ಲೂ ರಾಜಕಾಲುವೆ ಉಕ್ಕಿದ ಏರಿಯಾಗಳಲ್ಲಿ, ಹಳದಿ ಜೊತೆ ವಾಂತಿ ಇದ್ದರೆ ಇಲಿ ಜ್ವರದ ಅನುಮಾನ ಇರಲಿ. ಇಲಿ ಮೂತ್ರ ಬೆರೆತ ನೀರಿಂದ ಬರುತ್ತದೆ, ನಾಯಿ ಮೂತ್ರದಿಂದ ನಮಗೂ ಬರಬಹುದು. ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ.

ಮೂಗು ತಣ್ಣಗಿದೆಯಾ ಅಂತ ನೋಡಿ ಜ್ವರ ಹೇಳೋಕಾಗಲ್ಲ, ಎಷ್ಟು ಜನ ಹೇಳಿದರೂ ಅಷ್ಟೇ. ನಾಯಿಗೇ ಅಂತ ಒಂದು ಡಿಜಿಟಲ್ ಥರ್ಮಾಮೀಟರ್ ಇಡಿ, ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿ ಇಟ್ಟು ನೋಡಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ಡಾಕ್ಟ್ರಿಗೆ ಫೋನ್.

ನೀರು ಅಳೆದು ಇಡಿ. ದಿನಕ್ಕೆ ಒಂದು ಕೆಜಿ ತೂಕಕ್ಕೆ 100 ಮಿಲಿ ದಾಟಬಾರದು, ಅಂದರೆ 15 ಕೆಜಿ ನಾಯಿ ಒಂದೂವರೆ ಲೀಟರಿಗಿಂತ ಜಾಸ್ತಿ ಕುಡಿಯುತ್ತಿದ್ದರೆ ಬರೆದಿಟ್ಟುಕೊಳ್ಳಿ. ತೂಕಕ್ಕೆ ನೀವೇ ನಾಯಿ ಎತ್ತಿಕೊಂಡು ಮಷೀನ್ ಮೇಲೆ ನಿಂತು, ಆಮೇಲೆ ನಿಮ್ಮದನ್ನು ಕಳೆಯಿರಿ. ಲ್ಯಾಬ್ರಡಾರ್ ಇರೋರು ಎತ್ತುವಾಗ ನಿಮ್ಮ ಸೊಂಟ ನೋಡಿಕೊಳ್ಳಿ.

ಹೆಜ್ಜೆ 5: ಎಲ್ಲಾ ಒಂದೇ ಹಾಳೆಗೆ

ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ತಾರೀಖು, ಎಷ್ಟು ತಿಂದಿತು, ನೀರು, ಜ್ವರ, ಮಲ, ಎಲ್ಲಿ ಕೆರೆದುಕೊಂಡಿತು. ಚರ್ಮದ ಫೋಟೋವನ್ನು ದಿನಾ ಒಂದೇ ಜಾಗದಲ್ಲಿ ತೆಗೆಯಿರಿ, ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು. ಗಾಯ ಬೆಳೆಯಿತಾ ಇಳಿಯಿತಾ ಅನ್ನೋ ಮನೆಯೊಳಗಿನ ಜಗಳ ಅಲ್ಲಿಗೆ ಮುಗಿಯುತ್ತದೆ. ಹಿಂದೆ ಕೊಟ್ಟ ಮಾತ್ರೆ, ಇಂಜೆಕ್ಷನ್ ಹೆಸರೂ ಇರಲಿ. "ಯಾವುದೋ ಬಿಳಿ ಇಂಜೆಕ್ಷನ್" ಅಂದರೆ ಡಾಕ್ಟ್ರಿಗೆ ಏನು ಗೊತ್ತಾಗಬೇಕು?

ಎಷ್ಟು ದಿನ ಕಾಯಬಹುದು?

ಲವಲವಿಕೆಯಿಂದಿರೋ ದೊಡ್ಡ ನಾಯಿ ಒಂದು ಹೊತ್ತು ಬಿಟ್ಟರೆ ಸುಮ್ನೆ ನೋಡಬಹುದು. ಸೆಕೆ, ಬೆದೆ, ದೀಪಾವಳಿ ಪಟಾಕಿ, ಲಸಿಕೆ ಹಾಕಿಸಿದ ಮಾರನೇ ದಿನ, ಇವೆಲ್ಲ ಹಸಿವು ಕಮ್ಮಿ ಮಾಡುತ್ತವೆ. 24 ಗಂಟೆ ದಾಟಿದರೆ ತೋರಿಸಿ. ಮರಿಗೆ ಅಷ್ಟು ಹೊತ್ತೂ ಬೇಡ, ವಾಂತಿ ಜೊತೆ ರಕ್ತ ಭೇದಿ ಇದ್ದರೆ ಪಾರ್ವೋ ಅನ್ನೋ ವೈರಸ್ ಕಾಯಿಲೆ ಇರಬಹುದು, ತಕ್ಷಣ ಹೊರಡಿ.

ದೊಡ್ಡ ನಾಯಿಯಾದರೂ ಮೂಗಲ್ಲಿ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಬಿಳಿಚಿದ ಒಸಡು, ಹೊಟ್ಟೆ ಉಬ್ಬಿ ಬರೀ ಓಕರಿಕೆ ಬಂದು ಏನೂ ಬರದಿರುವುದು, ಇವಕ್ಕೆ ಬೆಳಗಾಗೋವರೆಗೆ ಕಾಯಬಾರದು. ಇನ್ನೊಂದನ್ನು ಜನ ಮರೆಯುತ್ತಾರೆ: ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆ ಮುಗಿದು ಕೆಲವು ವಾರಕ್ಕೆ ಊಟ ಬಿಟ್ಟು ನೀರು ಜಾಸ್ತಿ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಸ್ರಾವ ಕಾಣಲೇಬೇಕು ಅಂತಿಲ್ಲ.

ಅಷ್ಟರೊಳಗೆ ಮನೆಮದ್ದು ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ಎರಡೂ ನಾಯಿಗೆ ಅಪಾಯ. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಹಚ್ಚೋರು ಈಗಲೂ ಇದ್ದಾರೆ. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ, ಅಷ್ಟು ನೆನಪಿದ್ದರೆ ಸಾಕು.

ಡಾಕ್ಟ್ರ ಹತ್ತಿರ

ಹೋಗೋ ಮುಂಚೆ ಸ್ನಾನ ಮಾಡಿಸಬೇಡಿ, ಪೌಡರ್ ಹಾಕಬೇಡಿ, ನೋಡಬೇಕಾದ್ದು ತೊಳೆದು ಹೋಗುತ್ತದೆ. ಹಾಳೆ ಮುಂದಿಡಿ. ತುರಿಕೆಗೆ ಇಂಜೆಕ್ಷನ್ ಅಂದಾಗ "ಇದರಲ್ಲಿ ಸ್ಟಿರಾಯ್ಡ್ ಇದೆಯಾ ಡಾಕ್ಟ್ರೇ? ಮೊದಲು ಚರ್ಮ ಕೆರೆದು, ರಕ್ತ ತೆಗೆದು ನೋಡೋಣವಾ?" ಅಂತ ಕೇಳಿ. ಸ್ಟಿರಾಯ್ಡ್ ಕೆಟ್ಟದ್ದು ಅಂತಲ್ಲ, ಬೇಕಾದ ಕಡೆ ಜೀವ ಉಳಿಸುತ್ತದೆ. ಪರೀಕ್ಷೆಗಿಂತ ಮುಂಚೆ ಹಾಕಿದರೆ ಲಕ್ಷಣ ಮುಚ್ಚಿಹೋಗುತ್ತದೆ, ಅದೇ ನನ್ನ ತಕರಾರು. ಗೋಜಲಾದ ಕೇಸಾದರೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಳಗ್ಗೆ ಬೇಗ ಹೋಗಿ.

ಉಣ್ಣೆ ಜ್ವರ ಅಂತಾದರೆ ನಾಯಿಗೆ ಔಷಧಿ ಕೊಟ್ಟರೆ ಮುಗಿಯಲಿಲ್ಲ, ಮನೆಯನ್ನೂ ನೋಡಬೇಕು. ಈ ಕಂದು ಉಣ್ಣೆ ಹುಟ್ಟಿನಿಂದ ಸಾಯೋವರೆಗೆ ಮೂರು ಸಲ ನಾಯಿ ಹತ್ತಿ ರಕ್ತ ಕುಡಿದು ಇಳಿಯುತ್ತದೆ, ಉಳಿದ ಕಾಲವೆಲ್ಲ ಗೋಡೆ ಬಿರುಕಲ್ಲಿ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮನೆಯಲ್ಲಿ ಸಿಕ್ಕಿದ್ದು ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಗೋಡೆಗೂ ಟೈಲ್ಸಿಗೂ ನಡುವಿನ ಸಂದಿಯಲ್ಲಿ. ಬಿಳಿ ಸಿಮೆಂಟ್ ಮೆತ್ತಿಸಿದೆವು.

ರಾಗಿಗೆ ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ. ಮೂರ್ನಾಲ್ಕು ದಿನಕ್ಕೇ ಗೆಲುವಾದಳು, ಅಲ್ಲಿಗೇ ನಿಲ್ಲಿಸೋಣ ಅನ್ನಿಸುತ್ತದೆ. ನಿಲ್ಲಿಸಬಾರದು, ಕಾಯಿಲೆ ಒಳಗೇ ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು. ನಾವು ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಡುತ್ತಿದ್ದೆವು, ಡಾಕ್ಟ್ರು ಬೈದರು. ಹಾಲು ಮೊಸರಿನ ಜೊತೆ ಕೊಟ್ಟರೆ ಆ ಔಷಧಿ ಮೈಗೆ ಸರಿಯಾಗಿ ಹತ್ತಲ್ಲವಂತೆ. ಬರೀ ಹೊಟ್ಟೆಗೂ ಕೊಡಬಾರದು, ಮೇಲೆ ನೀರು ಕುಡಿಸಬೇಕು, ಇಲ್ಲದಿದ್ದರೆ ಗಂಟಲಲ್ಲಿ ನಿಂತು ಹುಣ್ಣು ಮಾಡುತ್ತದೆ. ಆಮೇಲೆ ಇಡ್ಲಿ ಚೂರಿನೊಳಗಿಟ್ಟು ಕೊಟ್ಟೆವು. ಕೋರ್ಸ್ ಮುಗಿದು ಎಷ್ಟೋ ಕಾಲವಾಯಿತು, ಬೆಳಗ್ಗೆ ಇಡ್ಲಿ ಪಾತ್ರೆ ಮುಚ್ಚಳದ ಸದ್ದಾದರೆ ಈಗಲೂ ಬಂದು ಅಡುಗೆಮನೆ ಹೊಸ್ತಿಲಲ್ಲಿ ಕೂರುತ್ತಾಳೆ.