ನೆಟ್ಟಿದ್ದು ಕಡಿಮೆ, ಕಿತ್ತಿದ್ದು ಜಾಸ್ತಿ: ಕ್ಯಾಂಪಸ್ ಹಳ್ಳದ ನನ್ನ ಅನುಭವ

ಈ ಸಲ ನಮ್ಮ ಕ್ಯಾಂಪಸ್ಸಿನ ಹಳ್ಳ ಎರಡು ಸಲ ತುಂಬಿ ಹರಿಯಿತು. ಕಳೆ ಕಿತ್ತು, ಗಿಡಗಳಿಂದಲೇ ನಿಲ್ಲಿಸಿದ ದಂಡೆ ಕುಸಿಯಲಿಲ್ಲ. "ಕಲ್ಲು ಕಟ್ಟದೆ ನಿಲ್ಲಲ್ಲ ಸಾರ್" ಅಂದಿದ್ದ ಎಂಜಿನಿಯರೇ ಬಂದು ಫೋಟೊ ತೆಗೆದುಕೊಂಡು ಹೋದರು. ಇನ್ನು ಧೈರ್ಯವಾಗಿ ಬರೆಯಬಹುದು.

ಜಾಗ ತುಮಕೂರು ಕಡೆಯ ಬಯಲುಸೀಮೆ. ಹಳ್ಳದ ಎರಡೂ ಮಗ್ಗುಲು ಸೇರಿ ಎಂಟೊಂಬತ್ತು ಎಕರೆ. ಮೇಲೆ ಹಳೇ ನೀಲಗಿರಿ ತೋಪು, ನಡುವೆ ಸುಬಾಬುಲ್ ಮರ, ಕೆಳಗೆಲ್ಲ ಲಂಟಾನ ಪೊದೆ, ಮೂರೂ ಹೊರಗಿನಿಂದ ಬಂದವು. ನನಗಿಂತ ಮುಂಚೆ ಅಲ್ಲಿ ಜೋರಾಗಿ ವನಮಹೋತ್ಸವ ಆಗಿತ್ತು. ಜೆಸಿಬಿ ಬಿಟ್ಟು ಎಲ್ಲ ಬಳಿದು, ಗುಂಡಿ ತೋಡಿ, ಸಸಿ ನೆಟ್ಟಿದ್ದರು. ಜೆಸಿಬಿ ಕೆದಕಿದ ನೆಲದಲ್ಲಿ ಏನು ಏಳುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಮುಂದಿನ ಮಳೆಗೆ ಕಾಂಗ್ರೆಸ್ ಗಿಡ ಸೊಂಟದ ತನಕ ಬಂತು, ಅದರ ಸಂದಿಯಲ್ಲಿ ಲಂಟಾನ. ಉಳಿದದ್ದು ಬೇಲಿ ಪಕ್ಕದ ಒಂದಷ್ಟು ಹೊಂಗೆ. ನಾಲ್ಕು ಲಕ್ಷದ ಹತ್ತಿರ ಖರ್ಚಾಗಿತ್ತು ಅಂತ ನೆನಪು.

ನಾನು ಕೇಳಿದ್ದು ಅದರ ಅರ್ಧ. ಸಸಿ ಕೊಳ್ಳಲ್ಲ, ದುಡ್ಡೆಲ್ಲ ಕಳೆ ಕೀಳುವ ಕೂಲಿಗೆ ಅಂದೆ. ಸಭೆಯಲ್ಲಿ ನಕ್ಕರು. ಗಿಡ ನೆಡದಿದ್ದರೆ ಉದ್ಘಾಟನೆ ಯಾವುದಕ್ಕೆ ಮಾಡೋದು, ಪಾಪ!

ನಾನು ಹಿಡಿದದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಡಿನ ಕಳೆ ಕಿತ್ತ ಬ್ರಾಡ್ಲಿ ಅಕ್ಕತಂಗಿಯರ ಕ್ರಮ. ಆ ನೆಲದ್ದೇ ಗಿಡಗಳು ಉಳಿದು ಚೆನ್ನಾಗಿರುವ ಕಡೆಯಿಂದ ಶುರು ಮಾಡಿ, ಕಳೆ ಕೀಳುತ್ತಾ ಕೆಟ್ಟಿರುವ ಕಡೆಗೆ ಮೆಲ್ಲಗೆ ಹೋಗುವುದು. ನೀಲಗಿರಿ ಕಳಿಸಿದ ದೇಶವೇ ಮದ್ದನ್ನೂ ಕಳಿಸಿತು ಅಂತ ಎನ್‌ಎಸ್‌ಎಸ್ ಹುಡುಗರು ತಮಾಷೆ ಮಾಡುತ್ತಿದ್ದರು. ನಮ್ಮಲ್ಲಿ ಚೆನ್ನಾಗಿದ್ದದ್ದು ಮುನೇಶ್ವರನ ಕಲ್ಲಿನ ಸುತ್ತ ಒಂದು ತುಂಡು ನೆಲ. ಹೆದರಿಕೆಗೆ ಯಾರೂ ಕುಡುಗೋಲು ಆಡಿಸಿರಲಿಲ್ಲ. ಕವಳೆ, ಬಂದರಿ, ಕಗ್ಗಲಿ, ಮುತ್ತುಗ, ಒಂದು ಮುದಿ ಹೊಳೆಮತ್ತಿ. ಅಲ್ಲಿಂದ ಹೊರಕ್ಕೆ ಕೀಳುತ್ತಾ ಬಂದೆವು. ಲಂಟಾನ ಕೀಳಲು ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ.ಆರ್. ಬಾಬು ಅವರ ದಾರಿ: ಬುಡವನ್ನು ನೆಲದೊಳಗೆ ಒಂದೆರಡು ಇಂಚು ಕೆಳಗೆ ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡುವುದು. ನೆಲ ಕದಡುವುದೇ ಇಲ್ಲ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೆಲಸ ಬೇಗ ಸಾಗುತ್ತದೆ.

ಮೊದಲ ವರ್ಷ ಮೂವತ್ತು ಗುಂಟೆ ಆಗಿದ್ದರೆ ಹೆಚ್ಚು. ಮತ್ತೆ ನಗು. ಗಂಡಾಳು ಹೆಣ್ಣಾಳು ಇಬ್ಬರಿಗೂ ದಿನಕ್ಕೆ 550 ರೂಪಾಯಿ ಒಂದೇ ಕೂಲಿ ಕೊಟ್ಟೆ. ಅದಕ್ಕೂ ಆಡಿಟ್‌ನವರು ತಕರಾರು ತೆಗೆದರು. ಹೆಂಗಸರ ಕೈಯಲ್ಲಿ ಚಿಕ್ಕ ಕವಳೆ ಸಸಿ ಒಂದೂ ಮುರಿಯಲಿಲ್ಲ. ಗಂಡಸರ ಬಗ್ಗೆ ಈ ಮಾತು ಹೇಳಲಾರೆ. ಎರಡನೇ ವರ್ಷ ಪಿಕಳಾರ ಹಕ್ಕಿ ಕೂರುವ ಮರಗಳ ಬುಡ ಮಾತ್ರ ಮತ್ತೆ ಮತ್ತೆ ನೋಡಿದೆವು. ಅವು ಹಣ್ಣು ತಿಂದು ಹಾಕುವ ಲಂಟಾನ ಬೀಜ ಬೀಳುವುದೇ ಅಲ್ಲಿ. ಮೂರನೇ ವರ್ಷಕ್ಕೆ ಕೂಲಿ ಅರ್ಧಕ್ಕಿಳಿಯಿತು.

ದಂಡೆ ಮಾತ್ರ ತುಂಬಾ ಸತಾಯಿಸಿತು. ಮೊದಲು ತೆಂಗಿನ ನಾರಿನ ಚಾಪೆ ಹಾಸಿದೆವು, ನಲವತ್ತು ಸಾವಿರ. ಒಂದೇ ಪ್ರವಾಹಕ್ಕೆ ಎದ್ದು ಹೋಗಿ ಮೋರಿಗೆ ಸಿಕ್ಕಿಕೊಂಡಿತು. ಆಮೇಲೆ ಲಾವಂಚ. ಎಳೆ ಚಿಗುರನ್ನು ಪಕ್ಕದ ಊರಿನ ದನ ಮೇಯ್ದವು. ಕೊನೆಗೆ ಕೈ ಹಿಡಿದದ್ದು ಲಕ್ಕಿ ಗಿಡ. ಹೆಬ್ಬೆರಳು ದಪ್ಪದ ಕಡ್ಡಿ ಕಡಿದು ದಂಡೆಗೆ ಓರೆಯಾಗಿ ಚುಚ್ಚಿದೆವು. ದನ ಮೂಸಿಯೂ ನೋಡಲಿಲ್ಲ. ಅದರ ಮರೆಯಲ್ಲಿ ಲಾವಂಚವೂ ನಿಂತಿತು. ದಂಡೆಯ ಬುಡಕ್ಕೆ ನಮ್ಮದೇ ತೋಪಿನ ನೀಲಗಿರಿ ಗೂಟ ಹೊಡೆದು, ಹಿಂದೆ ಲಂಟಾನ ಕಡ್ಡಿಯ ಕಟ್ಟು ಒತ್ತಿದೆವು. ಕಡ್ಡಿ ಒಂದು ಪೂರ್ತಿ ಬೇಸಿಗೆ ಒಣಗಿರಬೇಕು. ಹಸಿ ಇದ್ದರೆ ಅದೇ ಬೇರು ಬಿಡುತ್ತದೆ. ಲಕ್ಕಿ ಕಡ್ಡಿಯನ್ನು ಚುಚ್ಚುವ ಮುಂಚೆ ಎಲ್ಲಿ, ಹೇಗೆ ಇಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೂರಕ್ಕೆ ಎಂಬತ್ತು ಚಿಗುರುತ್ತವೆ, ಅಷ್ಟು ಹೇಳಬಲ್ಲೆ. ದಂಡೆಗೆ ಒಟ್ಟು ಹೋದದ್ದು ಎಪ್ಪತ್ತು ಸಾವಿರದ ಆಸುಪಾಸು, ತೇಲಿ ಹೋದ ಚಾಪೆಯೂ ಸೇರಿ. ಕಲ್ಲು ಕಟ್ಟಲು ಬಂದಿದ್ದ ಅಂದಾಜು ಹನ್ನೊಂದು ಲಕ್ಷ.

ನೀಲಗಿರಿಯನ್ನು ಒಟ್ಟಿಗೆ ಕಡಿಯಲಿಲ್ಲ. ವರ್ಷಕ್ಕೆ ಒಂದು ಪಾಲು. ಬೊಡ್ಡೆ ಚಿಗುರಿದಾಗಲೆಲ್ಲ ಸವರುವುದು, ಅಷ್ಟೇ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕಾಂಗ್ರೆಸ್ ಗಿಡ ತಿನ್ನಲು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದ ಮೆಕ್ಸಿಕೊ ದುಂಬಿಯ ಸಂತತಿ ನಮ್ಮ ಕಡೆಯೂ ಇದೆ. ರಸ್ತೆ ಬದಿಯಿಂದ ಹಿಡಿದು, ಹಾರ್ಲಿಕ್ಸ್ ಬಾಟಲಿಗಳಲ್ಲಿ ತಂದು ಬಿಟ್ಟೆವು. ಮಳೆಗಾಲದಲ್ಲಿ ಎಲೆಯೆಲ್ಲ ಜರಡಿ ಮಾಡಿದವು. ಚಳಿ ಶುರುವಾಗುತ್ತಲೇ ಮಣ್ಣು ಸೇರಿದವು, ಗಿಡ ಮತ್ತೆ ಹೂ ಬಿಟ್ಟಿತು. ಅದಕ್ಕಿಂತ ಕಾಂಗ್ರೆಸ್ ಗಿಡವನ್ನು ಅಡಗಿಸಲು ತಂಗಡಿ ಬೀಜ ದಟ್ಟವಾಗಿ ಎರಚಿದ್ದೇ ಮೇಲಾಯಿತು. ದುಂಬಿಗೆ ಹೋದದ್ದು ಪೆಟ್ರೋಲು ಮಾತ್ರ, ಹುಡುಗರಿಗೆ ಖುಷಿಯಾಯಿತು.

ನಾವು ನೆಟ್ಟ ಸಸಿ ನೂರೈವತ್ತೂ ದಾಟಿಲ್ಲ. ಹೆಚ್ಚಿನವು ಹೊಳೆಮತ್ತಿ, ಅತ್ತಿ, ನೇರಳೆ, ಎಲ್ಲ ನೀರಿನ ಪಕ್ಕದಲ್ಲಿ. ಮಿಕ್ಕದ್ದು ತಾನಾಗೇ ಬಂದದ್ದು. ಹಕ್ಕಿಗಳು ಶ್ರೀಗಂಧವನ್ನೂ ತಂದು ಹಾಕಿವೆ. ಬಂದರಿ ಪೊದೆಗಳ ಜೊತೆ ಮೊಣಕಾಲೆತ್ತರ ಎದ್ದಿವೆ. ಎಷ್ಟು, ಯಾವ ಮೂಲೆಯಲ್ಲಿ ಅಂತ ಕೇಳಬೇಡಿ. ಕ್ಯಾಂಪಸ್ ನಕ್ಷೆಯಲ್ಲೂ ಗುರುತು ಹಾಕಿಲ್ಲ.