ಇಳಿಯೋಕೆ ಮನೆ ಇರಲಿಲ್ಲ

ರಾಜ್ಯೋತ್ಸವದ ಸೀಸನ್‌ಗೆ ರಿಹರ್ಸಲ್ ನಡೆದಿತ್ತು. ಗಾಯಕಿ ಹಾಡಿನ ಪಲ್ಲವಿ ಗುನುಗಿ ನೋಡಿ, "ಮೇಲೆ ಕಷ್ಟ ಆಗ್ತಿದೆ, ಎರಡು ಮನೆ ಇಳಿಸಿ" ಅಂದರು. ಮನೆ ಅಂದರೆ ಅರ್ಧ ಸ್ವರದ ಮೆಟ್ಟಿಲು. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿದ, ಬೆರಳು ಮೊದಲಿದ್ದಲ್ಲೇ ಇಟ್ಟು ಶುರು ಮಾಡಿಯೇಬಿಟ್ಟ. ಗಿಟಾರಿನವನು ಇ ಸ್ಕೇಲ್ ಬಿಟ್ಟು ಡಿ ಹಿಡಿದ. ನನ್ನ ಹೆಗಲಲ್ಲಿದ್ದದ್ದು ಇ, ಎ, ಡಿ, ಜಿ ಅಂತ ನಾಲ್ಕು ತಂತಿಯ ಬೇಸ್ ಗಿಟಾರ್. ಅದರ ಎಲ್ಲಕ್ಕಿಂತ ಕೆಳಗಿನ ಸ್ವರವೇ ಇ. ಹಾಡು ಡಿಗೆ ಇಳಿದರೆ ನಾನೆಲ್ಲಿಗೆ ಇಳಿಯಲಿ? ವಿಧಿಯಿಲ್ಲದೆ ಒಂದು ಸ್ಥಾಯಿ ಮೇಲೆ ಹತ್ತಿ, ಎ ತಂತಿಯ ಐದನೇ ಫ್ರೆಟ್ಟಿನಲ್ಲಿ, ಅಂದರೆ ನೆಕ್ಕಿನ ಮೇಲಿನ ಐದನೇ ಅಡ್ಡಕಂಬಿಯಲ್ಲಿ, ಡಿ ಬಾರಿಸಿದೆ. ಸ್ವರವೇನೋ ಸರಿ. ಆದರೆ ಮಿಕ್ಕವರೆಲ್ಲ ಇಳಿದಾಗ ಬೇಸ್ ಒಂದೇ ಮೇಲೆ ಹತ್ತಿ ಕೂತರೆ ಹಾಡಿನ ಕಾಲು ನೆಲಕ್ಕೆ ತಾಗುವುದಿಲ್ಲ.

ಆರ್ಕೆಸ್ಟ್ರಾದಲ್ಲಿ ಇದು ದಿನದ ಗೋಳು. ಮೂಲ ಹಾಡು ಯಾವ ಸ್ಕೇಲ್ ಅಂತ ಗಣಪತಿ ಪೆಂಡಾಲಿನ ಮುಂದೆ ಕೂತವರು ಯಾರೂ ಕೇಳಲ್ಲ. ಹಾಡುವವರ ಗಂಟಲಿಗೆ ಎಲ್ಲಿ ಕೂರುತ್ತೋ ಅದೇ ಸ್ಕೇಲ್. ಸಿ, ಸಿ ಶಾರ್ಪ್, ಡಿ, ಡಿ ಶಾರ್ಪ್ ಅಂತ ನಮ್ಮ ಪಟ್ಟಿಯ ಅರ್ಧ ಈ ನಾಲ್ಕರಲ್ಲೇ ಮುಗಿಯುತ್ತದೆ, ನಾಲ್ಕೂ ನನ್ನ ಇ ತಂತಿಯಿಂದ ಕೆಳಗೆ.

ಇ ಕೆಳಗೆ ಬಿ ತಂತಿಯೂ ಇರುವ ಐದು ತಂತಿಯ ಬೇಸಿಗೆ ಹೋಗುವ ಮೊದಲು ಒಂದೂವರೆ ವರ್ಷ ಜುಗಾಡ್ ಮಾಡಿದ್ದೇನೆ. ಇ ತಂತಿಯನ್ನು ಡಿಗೆ ಸಡಿಲಿಸಿಕೊಂಡು ಬಾರಿಸುವುದು ಸುಲಭ, ಮುಂದಿನ ಹಾಡಿಗೆ ವಾಪಸ್ ಬಿಗಿಯುವಷ್ಟರಲ್ಲಿ ನಿರೂಪಕರ ಜೋಕು ಮುಗಿದಿರುತ್ತದೆ. ಆಮೇಲೆ ಇನ್ನೊಂದು ಸಾಹಸ. ಐದು ತಂತಿಯ ಸೆಟ್ ತಂದು ಜಿ ಬಿಟ್ಟು ಬಿ, ಇ, ಎ, ಡಿ ಅಂತ ನಾಲ್ಕು ತಂತಿಯ ಬೇಸಿಗೇ ಹಾಕಿದೆ. ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹೊರುವ ನಟ್ಟಿನಲ್ಲಿ 0.105 ಇಂಚಿನ ಇ ತಂತಿಗೆಂದು ಕೊರೆದ ಕಚ್ಚಿನಲ್ಲಿ 0.130 ಇಂಚಿನ ಬಿ ಕೂರುವುದೇ ಇಲ್ಲ. ಅರ ತಗೊಂಡು ಉಜ್ಜಿದೆ, ಉತ್ಸಾಹದಲ್ಲಿ ಪಕ್ಕದ ಕಚ್ಚನ್ನು ಒಂದಿಷ್ಟು ಹೆಚ್ಚೇ ಉಜ್ಜಿದೆ. ತಂತಿ ಮೊದಲ ಫ್ರೆಟ್ಟಿಗೆ ತಾಗಿ ಜೀರುಂಡೆ ಥರ ಗುಂಯ್‌ಗುಡತೊಡಗಿತು. ಅಡುಗೆಮನೆಯ ಸೋಡಾಪುಡಿ ತುಂಬಿ, ಮೇಲೊಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಕೊರೆದು ಹೇಗೋ ಮರ್ಯಾದೆ ಉಳಿಸಿಕೊಂಡೆ. ಕೆಳಗಿನ ಸ್ವರ ಸಿಕ್ಕಿತು, ಆದರೆ ಜಿ ತಂತಿ ಹೋಗಿ ನನ್ನ ಓಡಾಟವೆಲ್ಲ ಕುಂಟಿತು. ಇದ್ದದ್ದೂ ಬೇಕು, ಇಲ್ಲದ್ದೂ ಬೇಕು ಅಂದರೆ ಐದೇ ತಂತಿ.

ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ನಾನು ಹಗಲು ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಸ್ಟೀಲ್ ಸ್ಕೇಲ್ ಜೇಬಲ್ಲೇ ಇರುತ್ತೆ. ನಟ್ಟಿನ ಹತ್ತಿರ ನೆಕ್ಕಿನ ಅಗಲ 45 ಮಿಲಿಮೀಟರ್, ಹಳೆಯದು 38. ಇನ್ನೊಂದು ತುದಿಯಲ್ಲಿ ತಂತಿ ಕಟ್ಟುವ ಬ್ರಿಡ್ಜಿನಲ್ಲಿ ತಂತಿಯಿಂದ ತಂತಿಗೆ 17, ಹಳೆಯದರಲ್ಲಿ 19. ಅಂದರೆ ಎಡಗೈಗೆ ರಸ್ತೆ ಅಗಲವಾಯಿತು, ಬಲಗೈಗೆ ಗಲ್ಲಿ ಕಿರಿದಾಯಿತು. ನಟ್ಟಿನಿಂದ ಬ್ರಿಡ್ಜಿಗೆ ತಂತಿಯ ಉದ್ದ ಎರಡರದ್ದೂ 34 ಇಂಚೇ. ಬಿ ತಂತಿ ಬಿಗಿಯಾಗಿರಲಿ ಅಂತ 35 ಇಂಚಿನವನ್ನೂ ಮಾಡುತ್ತಾರೆ, ಆದರೆ ನನ್ನ ಕೈಗೆ 34 ಸಾಕು. ತೂಕ ಜಾಸ್ತಿ. ಮೊದಲ ವಾರವೇ ಹೆಗಲಿಗೆ ಅಗಲದ ಪಟ್ಟಿ ತಗೊಂಡೆ, ಆ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯದ ವಿಷಯ ಕೈಯದ್ದು. ಇಪ್ಪತ್ತು ವರ್ಷ "ಎಲ್ಲಕ್ಕಿಂತ ಮೇಲಿರುವ ದಪ್ಪ ತಂತಿ ಅಂದರೆ ಇ" ಅಂತ ಕಲಿತ ಕೈ. ಈಗ ಅಲ್ಲಿ ಬಿ ಕೂತಿದೆ. ಮೊದಲ ಪ್ರಾಕ್ಟೀಸಿನಲ್ಲಿ ಒಂದು ಹಾಡು ಶುರು ಮಾಡಿದೆ, ಎಲ್ಲರೂ ನನ್ನ ಮುಖ ನೋಡಿದರು. ನನಗೋ ಏನೂ ತಪ್ಪಿಲ್ಲ ಅನ್ನಿಸುತ್ತಿದೆ. ಐದೂ ತಂತಿಗಳ ನಡುವಿನ ಸ್ವರದ ಅಂತರ ಒಂದೇ, ಹಾಗಾಗಿ ಒಂದು ತಂತಿ ತಪ್ಪಿದರೂ ಲೈನ್ ಚಾಚೂ ತಪ್ಪದೆ ಬರುತ್ತದೆ, ಇಡೀ ಲೈನೇ ಬೇರೆ ಸ್ಕೇಲಿನಲ್ಲಿ! ಒಂದು ಸ್ವರ ಜಾರಿದರೆ ಮುಚ್ಚಿಕೊಳ್ಳಬಹುದು. ಆತ್ಮವಿಶ್ವಾಸದಿಂದ ಬೇರೆ ಊರಿಗೆ ಬಸ್ ಹತ್ತಿದವನನ್ನು ಮುಚ್ಚುವುದು ಹೇಗೆ? ಎರಡು ವಾರ ನಾಲ್ಕು ತಂತಿಯದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಎರಡನ್ನೂ ಬದಲಿಸಿ ಬದಲಿಸಿ ಬಾರಿಸಿದರೆ ಕೈ ಎರಡನ್ನೂ ಕಲಿಯಲ್ಲ ಅಂತ ಅಷ್ಟರಲ್ಲಿ ಗೊತ್ತಾಗಿತ್ತು.

ಆಮೇಲೆ ಬಂದದ್ದು ನಾನು ಊಹಿಸದ ಕಾಟ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಹಿಂದೆ ಒಂದೇ ಸಮನೆ ಗುಮ್ ಅನ್ನುವ ಗೊಣಗಾಟ. ಆಂಪ್ ಕೆಟ್ಟಿದೆ ಅಂದುಕೊಂಡೆ. ನೋಡಿದರೆ ನಾನು ಮುಟ್ಟದ ಬಿ ತಂತಿ ತಾನಾಗಿ ಮಿಡಿಯುತ್ತಿದೆ. ಎ ತಂತಿಯ ಎರಡನೇ ಫ್ರೆಟ್ಟಿನ ಸ್ವರವೂ ಬಿ, ಸುಮಾರು 62 ಹರ್ಟ್ಜ್. ಖಾಲಿ ಬಿ ತಂತಿ ಅದರ ಅರ್ಧ, ಸುಮಾರು 31. ಇದನ್ನು ಬಾರಿಸಿದ ಕೂಡಲೇ ಅದು ಓಗೊಡುತ್ತದೆ, ತಂಬೂರಿಯ ಹಾಗೆ. ತಂಬೂರಿಯಲ್ಲಿ ಅದು ಸೊಗಸು. ಬೇಸಿನಲ್ಲಿ ಮುಂದಿನ ಕಾರ್ಡ್ ಸಿ ಆಗಿದ್ದರೆ ಕೆಸರು. ಡ್ರಮ್ಮಿನ ಕಿಕ್ ಜೋರಾಗಿ ಬಿದ್ದರೂ ಅದು ಅಲುಗುತ್ತಿತ್ತು.

ಹಾಗಾಗಿ ದುಡ್ಡು ಕೊಟ್ಟು ತಂದ ತಂತಿಯ ಬಾಯಿ ಮುಚ್ಚಿಸುವುದನ್ನೇ ಮೂರು ತಿಂಗಳು ಕಲಿತೆ. ಮೊದಲು ನನ್ನ ಬಲ ಹೆಬ್ಬೆರಳು, ತಂತಿಗಳ ಕೆಳಗೆ ಅವುಗಳ ಮಿಡಿತ ಹಿಡಿಯುವ ಪಿಕಪ್ ಮೇಲೆ ಲಂಗರು ಹಾಕಿ ಕೂತಿರುತ್ತಿತ್ತು. ಈಗ ಅದಕ್ಕೆ ಕೆಲಸ ಕೊಡಬೇಕಿತ್ತು. ಬಿ ಬಾರಿಸುವಾಗ ಮಾತ್ರ ಪಿಕಪ್ ಮೇಲೆ. ಇ ಬಾರಿಸುವಾಗ ಹೆಬ್ಬೆರಳು ಬಿ ತಂತಿಯ ಮೇಲೆ ಮಲಗುತ್ತದೆ. ಎ ತಂತಿಗೆ ಹೋದಾಗ ಅದು ಜಾರಿ ಇ ಮೇಲೆ ಕೂರುತ್ತದೆ, ತುದಿ ಇ ಮೇಲೆ, ಗೆಣ್ಣಿನ ಪಕ್ಕದ ಮಾಂಸ ಬಿ ಮೇಲೆ, ಒಂದೇ ಬೆರಳು ಎರಡು ತಂತಿಗೆ. ಡಿ, ಜಿ ಕಡೆ ಹೋದಂತೆ ಹೆಬ್ಬೆರಳೂ ಹಿಂದಿನಿಂದ ಮೆಟ್ಟಿಲು ಇಳಿದು ಬರುತ್ತದೆ. ಇಳಿದು ಬರುವುದು ಸುಲಭ. ಜಿ ಇಂದ ಒಮ್ಮೆಲೇ ಬಿಗೆ ಹಾರುವಾಗ ಹೆಬ್ಬೆರಳು ವಾಪಸ್ ಹತ್ತುವುದರೊಳಗೆ ಅಡ್ಡ ಬಂದ ತಂತಿಯೆಲ್ಲ ಕಿರುಚುತ್ತದೆ. ಅದಕ್ಕೆ ನಿಧಾನ ಬಿಟ್ಟರೆ ಬೇರೆ ಮದ್ದಿಲ್ಲ. ತಾಳ ಹಾಕುವ ಮೆಟ್ರೋನೋಮ್ ನಿಮಿಷಕ್ಕೆ 50ಕ್ಕೆ ಇಟ್ಟು ದಿನಾ ರಾತ್ರಿ ಊಟದ ಮೇಲೆ ಇಪ್ಪತ್ತು ನಿಮಿಷ ಜಿ, ಬಿ, ಡಿ, ಬಿ. "ಇದ್ಯಾವ ಹಾಡು ಸ್ವಾಮಿ, ಮುಗಿಯೋದೇ ಇಲ್ಲ" ಅಂತ ಹೆಂಡತಿ ಕೇಳಿದ್ದೂ ಆಯಿತು.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದು ಬರೀ ಕೆಳಗಿನ ಐದು ಸ್ವರ ಅಂದುಕೊಂಡಿದ್ದೆ. ನಿಜವಾದ ಲಾಭ ಬೇರೆ ಕಡೆ ಇತ್ತು. ಬಿ ತಂತಿಯ ಐದನೇ ಫ್ರೆಟ್ಟಿನಲ್ಲೇ ಇ ಸಿಗುತ್ತದೆ, ಆರರಲ್ಲಿ ಎಫ್, ಎಂಟರಲ್ಲಿ ಜಿ. ನೆಕ್ಕಿನ ನಡುವೆ ಕೈ ಇಟ್ಟರೆ ಅಲುಗದೆ, ಒಂದು ಸ್ವರ ಕಮ್ಮಿ ಎರಡು ಸ್ಥಾಯಿ ಬೆರಳಡಿ ಬರುತ್ತದೆ. 34 ಇಂಚಿನ ಬೇಸಿನಲ್ಲಿ ಮೊದಲ ಫ್ರೆಟ್ಟಿನ ಮನೆ ಹತ್ತಿರ ಹತ್ತಿರ 48 ಮಿಲಿಮೀಟರ್ ಅಗಲ, ಐದನೆಯದು 38. ನನ್ನ ಗಿಡ್ಡ ಬೆರಳಿಗೆ ಆ ಒಂದು ಸೆಂಟಿಮೀಟರ್ ಅಂದರೆ ರಾತ್ರಿ ಮೂರು ಗಂಟೆ ಕಾರ್ಯಕ್ರಮದ ಕೊನೆಗೆ ಮಣಿಕಟ್ಟು ನೋಯುವುದಕ್ಕೂ ನೋಯದಿರುವುದಕ್ಕೂ ಇರುವ ವ್ಯತ್ಯಾಸ. ಈಗ ನಾನು ಬಿ ತಂತಿಯಲ್ಲಿ ಬಾರಿಸುವ ಬಹುಪಾಲು ಸ್ವರಗಳು ಹಳೆಯ ಬೇಸಿನಲ್ಲೂ ಇದ್ದವೇ.

ಕೆಳಗಿನ ಸ್ವರಗಳ ಬಗ್ಗೆ ಒಂದು ಭ್ರಮೆಯೂ ಕಳಚಿತು. ಮನೆಯ ಹತ್ತಿಂಚಿನ ಸ್ಪೀಕರಿನಲ್ಲಿ ಖಾಲಿ ಬಿ ಬಾರಿಸಿದರೆ ಕೋನ್ ಪಟಪಟ ಹೊಡೆದುಕೊಳ್ಳುತ್ತದೆ, ಸದ್ದು ಬರುವುದಿಲ್ಲ. 31 ಹರ್ಟ್ಜ್ ಎಬ್ಬಿಸುವ ತಾಕತ್ತು ಅದಕ್ಕಿಲ್ಲ. ನಾವು ಕೇಳುವುದು ಹೆಚ್ಚಾಗಿ 62ನ್ನು ಮತ್ತು ಅದರ ಮೇಲಿನ ಉಪಸ್ವರಗಳನ್ನು, ಕೆಳಗಿನದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಒಂದು ಕಾರ್ಯಕ್ರಮದಲ್ಲಿ ಸೌಂಡಿನವರು ನನ್ನ ಚಾನೆಲ್ಲಿನಲ್ಲಿ 40ರ ಕೆಳಗೆ ಕತ್ತರಿಸಿದರು ಅಂತ ಗೊತ್ತಾಗಿ ಜಗಳಕ್ಕೇ ಹೋಗಿದ್ದೆ. "ಸಾರ್, ಮುಂದೆ ಹೋಗಿ ಕೇಳಿ ಬನ್ನಿ" ಅಂದರು. ಹೋಗಿ ನಿಂತೆ. ಗೆಳೆಯನೊಬ್ಬ ನನ್ನ ಬೇಸ್ ಹಿಡಿದು ಸಿ ಶಾರ್ಪ್ ಬಾರಿಸಿದ. ಕತ್ತರಿಸಿದ್ದು ಚೊಕ್ಕವಾಗಿತ್ತು, ಕತ್ತರಿಸದ್ದು ಶಾಮಿಯಾನದ ಗೂಟ ಅಲುಗಿಸುತ್ತಿತ್ತು ಅಷ್ಟೆ. ಟ್ಯೂನರಿನ ಕಥೆಯೂ ಇದೇ. ಬೇಸಿನ ತಲೆಗೆ ಕಚ್ಚಿಸುವ ಅಗ್ಗದ ಟ್ಯೂನರ್ ಖಾಲಿ ಬಿಯನ್ನು ಹಿಡಿಯದೆ ತಡವರಿಸುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಸುಮ್ಮನೆ ಸವರಿ ಹಾರ್ಮೋನಿಕ್, ಅಂದರೆ ಒಂದು ಸ್ಥಾಯಿ ಮೇಲಿನ ಉಪಸ್ವರ ತೆಗೆದರೆ ತಕ್ಷಣ ಹಿಡಿಯುತ್ತದೆ.

ಅಂದಹಾಗೆ ಈ ಕೆಳಗಿನ ಬಿ ತಂತಿಯ ಹುಚ್ಚು ಶುರು ಮಾಡಿದ್ದೂ ಒಂದು ರೀತಿಯಲ್ಲಿ ಕೀಬೋರ್ಡಿನವರೇ. ಫೆಂಡರ್ ಕಂಪನಿ 1951ರಲ್ಲಿ ನಾಲ್ಕು ತಂತಿಯ ಪ್ರಿಸಿಷನ್ ಬೇಸ್ ತಂದಿತು. 1965ರ ಅದರ ಐದು ತಂತಿಯ ಬೇಸಿನಲ್ಲಿ ಹೆಚ್ಚುವರಿ ತಂತಿ ಮೇಲಿನ ಸಿ, ಕೆಳಗಿನ ಬಿ ಅಲ್ಲ. ಅದು ಹೆಚ್ಚು ದಿನ ಬಾಳಲಿಲ್ಲ. ಎಂಬತ್ತರ ದಶಕದಲ್ಲಿ ಸಿಂಥಸೈಸರುಗಳು ಇ ದಾಟಿ ಕೆಳಗಿಳಿದು ಬೇಸ್ ಬಾರಿಸತೊಡಗಿದಾಗ, ನಮ್ಮ ಕೆಲಸ ಹೋಗುತ್ತೆ ಅಂತ ಬೇಸಿನವರೆಲ್ಲ ಬಿ ತಂತಿ ಹುಡುಕಿಕೊಂಡು ಹೊರಟರು. ನನ್ನದು ಅದೇ ಕಥೆ, ಮೂವತ್ತು ವರ್ಷ ತಡವಾಗಿ.

ಹೋದ ತಿಂಗಳು ಕಾಲೇಜು ಹುಡುಗನೊಬ್ಬ ಹಳೆಯ ಬೇಸ್ ಕೇಳಿಕೊಂಡು ಬಂದ. ಕೊಡುವ ಮುಂಚೆ ಟ್ಯೂನ್ ಮಾಡಿ ಒಂದೆರಡು ಲೈನ್ ಬಾರಿಸೋಣ ಅಂತ ಕೂತೆ. ಹೆಬ್ಬೆರಳು ಇಲ್ಲದ ಬಿ ತಂತಿಯ ಮೇಲೆ ಒರಗಲು ಹೋಗಿ ತೊಪ್ಪನೆ ಮರದ ಮೇಲೆ ಬಿತ್ತು. ಹುಡುಗ ನಕ್ಕ. "ಅಣ್ಣ, ನಾನೂ ಐದು ತಂತಿದೇ ತಗೊಳ್ಳಲಾ?"

"ನಿಮ್ಮ ಕೀಬೋರ್ಡಿನವನು ಸ್ಕೇಲ್ ಇಳಿಸ್ತಾನಾ?"

"ನಮ್ಮ ಬ್ಯಾಂಡಲ್ಲಿ ಕೀಬೋರ್ಡೇ ಇಲ್ಲ ಅಣ್ಣ. ಎರಡು ಗಿಟಾರು, ಹಾಡೆಲ್ಲ ಇ ಮತ್ತೆ ಎ ಸ್ಕೇಲಲ್ಲೇ."

ಪೆಟ್ಟಿಗೆ ಮುಚ್ಚಿ ಅವನ ಕೈಗೆ ಕೊಟ್ಟೆ. ನಟ್ಟಿನ ಎರಡನೇ ಕಚ್ಚಿನಲ್ಲಿ ಸೋಡಾಪುಡಿ ಇದೆ, ಜಾಸ್ತಿ ಕೆದಕಬೇಡ ಅಂದೆ.