ಗ್ರಾಹಕರ ದೂರಿಗೆ ತಂತ್ರಾಂಶ: ಮೊದಲು ಒಂದು ನೋಟ್‌ಬುಕ್ ಕೊಳ್ಳಿ

ಇಳಕಲ್ಲಿನ ಸೀರೆ ವ್ಯಾಪಾರ ಈಗ ಅರ್ಧ ಗಾದಿಯ ಮೇಲೆ, ಅರ್ಧ ಮೊಬೈಲ್‌ನಲ್ಲಿ. ಪುಣೆಯ ಗ್ರಾಹಕಿಯೊಬ್ಬರು ಪಾರ್ಸಲ್ ಬಿಚ್ಚಿ, ‘ಗೋಮಿ ದಡಿ ಕೇಳಿದ್ದೆ, ಚಿಕ್ಕಿ ಪರಾಸ ಬಂದಿದೆ’ ಎಂದು ಫೋಟೊ ಕಳುಹಿಸುತ್ತಾರೆ. ದಡಿ ಎಂದರೆ ಸೀರೆಯ ಅಂಚು; ಗೋಮಿ, ಚಿಕ್ಕಿ ಪರಾಸ ಅದರ ಎರಡು ಬಗೆ. ಅಂಗಡಿಯ ನಾಲ್ವರೂ ನೋಡುತ್ತಾರೆ. ಇನ್ನೊಬ್ಬರು ಉತ್ತರಿಸಿರಬಹುದೆಂದು ನಾಲ್ವರೂ ಸುಮ್ಮನಾಗುತ್ತಾರೆ. ಮೂರನೆಯ ದಿನ ಸಿಟ್ಟಿನ ಕರೆ ಬರುತ್ತದೆ. ದೂರು ಯಾರ ಪಾಲಿಗೆ ಬಿದ್ದಿದೆ ಎಂದು ತೋರಿಸುವುದೇ ದೂರು ನಿಭಾಯಿಸುವ ತಂತ್ರಾಂಶಗಳ ಮುಖ್ಯ ಕೆಲಸ; ಉಳಿದದ್ದು ಅಲಂಕಾರ.

ಮೊದಲು ಒಂದು ವಾರ ನೋಟ್‌ಬುಕ್ ಇಡಿ. ದೂರು ಯಾವ ದಾರಿಯಿಂದ ಬಂತು, ಯಾವ ಭಾಷೆಯಲ್ಲಿ, ಯಾವ ವಿಷಯಕ್ಕೆ, ಮೊದಲ ಉತ್ತರ ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯಿರಿ. ದಿನಕ್ಕೆ ಐದಾರು ದೂರುಗಳಿದ್ದು ಒಬ್ಬರೇ ನೋಡಿಕೊಳ್ಳುತ್ತಿದ್ದರೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಲೇಬಲ್, ಸಿದ್ಧ ಉತ್ತರ ಎರಡೂ ಅದರಲ್ಲಿವೆ. ತಂತ್ರಾಂಶ ಮಾರುವವರು ಇದನ್ನು ಹೇಳಲಾರರು.

ತಂಡ ದೊಡ್ಡದಾದರೆ ಝೋಹೊ ಡೆಸ್ಕ್, ಫ್ರೆಶ್‌ಡೆಸ್ಕ್, ಝೆನ್‌ಡೆಸ್ಕ್‌ಗಳತ್ತ ನೋಡಬಹುದು. ಇವುಗಳಲ್ಲಿ ದೂರಿಗೆ ‘ಟಿಕೆಟ್’ ಎಂದು ಹೆಸರು; ಪ್ರತಿ ಟಿಕೆಟ್‌ಗೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ. ನಿಮ್ಮ ದೂರುಗಳು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತಿದ್ದರೆ ಒಂದು ನಿಯಮ ನೆನಪಿರಲಿ. ತಂತ್ರಾಂಶದ ಮೂಲಕ ಉತ್ತರಿಸುವಾಗ, ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆಯವರೆಗೆ ಮಾತ್ರ ನಿಮ್ಮ ಮಾತಿನಲ್ಲಿ ಬರೆಯಬಹುದು. ಶನಿವಾರ ಸಂಜೆಯ ದೂರನ್ನು ಸೋಮವಾರ ಬೆಳಿಗ್ಗೆ ತೆರೆದರೆ, ವಾಟ್ಸ್‌ಆ್ಯಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶವನ್ನಷ್ಟೇ ಕಳುಹಿಸಲು ಸಾಧ್ಯ. ಹಾಗಾಗಿ ಭಾನುವಾರ ಯಾರು ನೋಡುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ.

ಬೆಲೆ ಸಾಮಾನ್ಯವಾಗಿ ಆಳಿನ ಲೆಕ್ಕದಲ್ಲಿ, ತಿಂಗಳಿಗಿಷ್ಟು ಎಂದಿರುತ್ತದೆ. ಒಬ್ಬರಿಗೆ 1,000 ರೂಪಾಯಿ ಎಂದುಕೊಂಡರೂ ನಾಲ್ವರಿಗೆ ವರ್ಷಕ್ಕೆ 48,000; ಶೇ 18ರ ಜಿಎಸ್‌ಟಿ ಸೇರಿದರೆ 56,640. ಓಎಸ್‌ಟಿಕೆಟ್‌ನಂಥ ಮುಕ್ತ ತಂತ್ರಾಂಶವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಆದರೆ ಸರ್ವರ್ ಬೇಕು, ಅದು ಕೆಟ್ಟಾಗ ಕೂತು ಸರಿಪಡಿಸುವವರೂ ಬೇಕು.

ಪುಕ್ಕಟೆ ಪರೀಕ್ಷೆಯ ಅವಧಿಯಲ್ಲಿ ಕಂಪನಿಯವರ ಮಾದರಿ ದೂರುಗಳನ್ನು ಬಿಟ್ಟು, ನೋಟ್‌ಬುಕ್ಕಿನ ಕನ್ನಡ, ಮರಾಠಿ ದೂರುಗಳನ್ನೇ ಹಾಕಿ ನೋಡಿ. ಪರೀಕ್ಷಿಸಬೇಕಾದವರು ಮಾಲೀಕರಲ್ಲ, ದಿನವೂ ಅದರ ಮುಂದೆ ಕೂರುವ ಹುಡುಗಿ. ‘ದಡಿ’ ಎಂದು ಹುಡುಕಿದರೆ ಹಳೆಯ ದೂರು ಸಿಗಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಗ್ರಾಹಕರು ಬಹಳ. ಅಂಥವರ ದೂರು ಈ ಹುಡುಕಾಟಕ್ಕೆ ಸಿಕ್ಕುವುದು ಅನುಮಾನ. ಅದಕ್ಕೇ ‘ದಡಿ ಬದಲು’, ‘ಬಣ್ಣ ಬೇರೆ’, ‘ತಲುಪಿಲ್ಲ’ ಎಂಬ ಗುರುತುಪಟ್ಟಿಗಳನ್ನು ನೀವೇ ಮಾಡಿಟ್ಟುಕೊಳ್ಳಿ. ನಾಲ್ಕೈದು ಸಾಕು, ಇಪ್ಪತ್ತಾದರೆ ಯಾರೂ ಹಚ್ಚುವುದಿಲ್ಲ.

ಹಣ ಕಟ್ಟುವ ಮುನ್ನ ಎಲ್ಲ ದೂರುಗಳನ್ನೂ ಒಮ್ಮೆ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಿರಿ. ನಾಳೆ ಬೇರೆ ಕಂಪನಿಗೆ ಹೋಗುವಾಗ ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ. ಕನ್ನಡ ಅಕ್ಷರಗಳು ಒಡೆದು ಕಂಡರೆ ಆ ಕಂಪನಿಯ ಸಹಾಯ ಕೇಂದ್ರಕ್ಕೇ ಒಂದು ದೂರು ಬರೆಯಿರಿ. ಉತ್ತರ ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.